ಇನ್ನ ಜರಾ ಇಳೀಲಿ, ತಡಿ

ಪರಊರಿನಲ್ಲಿ ತಿಂಗಳ ಸಂಬಳಕ್ಕೆ ದುಡಿಯುವವನಿಗೆ ಊರಿನವರು ಕೇಳದೆಯೇ ಕೊಟ್ಟುಬಿಡುವ ಒಂದು ಪದವಿ ಇದೆ. ಅದು ಸಲಹೆಗಾರನ ಪದವಿ. ಹುಡುಗನನ್ನು ಯಾವ ಕಾಲೇಜಿಗೆ ಹಾಕೋದು, ಮೊಣಕಾಲು ನೋವಿಗೆ ಹೈದರಾಬಾದಿನಲ್ಲಿ ಯಾವ ಡಾಕ್ಟರು ಚಲೋ, ಬ್ಯಾಂಕಿನವರು ಕಳಿಸಿದ ಇಂಗ್ಲಿಷ್ ಕಾಗದದಾಗ ಏನು ಬರೆದದ, ಎಲ್ಲಕ್ಕೂ ಫೋನು ಬರುತ್ತದೆ. ನಾನು ಸೇಡಂ ತಾಲ್ಲೂಕಿನ ಒಂದು ಹಳ್ಳಿಯವನು. 1990ರಲ್ಲಿ ಹೈದರಾಬಾದಿಗೆ ಬಂದು ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗ ಸೇರಿದೆ, ಅಲ್ಲೇ ನಿವೃತ್ತನಾದೆ. ಲೆಕ್ಕ ಬರೆಯುವವನಿಗೆ ರೊಕ್ಕದ ಗುಟ್ಟೂ ಗೊತ್ತಿರುತ್ತದೆ ಅನ್ನೋದು ನಮ್ಮೂರಿನವರ ನಂಬಿಕೆ. ಆ ನಂಬಿಕೆಯನ್ನು ತಿದ್ದಲು ನಾನೂ ಹೋಗಲಿಲ್ಲ. ನಮ್ಮ ಮಾತು ಕೇಳುವವರು ಇದ್ದಾರೆ ಅನ್ನೋ ಸುಖ ಸಣ್ಣದಲ್ಲ ನೋಡಿ.

ನಾನಿರುವುದು ಮೆಹದಿಪಟ್ಟಣಂನಲ್ಲಿ. ತಾಂಡೂರು, ವಿಕಾರಾಬಾದ್, ಚೇವೆಳ್ಳ ಕಡೆಯ ಬಸ್ಸುಗಳು ಈ ದಾರಿಯಲ್ಲೇ ಹೈದರಾಬಾದ್ ಹೊಗುತ್ತವೆ. ತಾಂಡೂರು ದಾಟಿದರೆ ನಮ್ಮ ಸೇಡಂ. ಹಾಗಾಗಿ ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೇ ಅರ್ಧ ಊರಿಗೆ ಹೋದಷ್ಟು ಸಮಾಧಾನ. ಪಕ್ಕದಲ್ಲಿ ರೈತು ಬಜಾರು, ಆಚೆಗೆ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆ. ತೋಲಿಚೌಕಿ ಕಡೆ ನಡೆದರೆ ಮನೆಗೊಬ್ಬರು ಅನ್ನುವ ಹಾಗೆ ಕೊಲ್ಲಿ ದೇಶಗಳಲ್ಲಿ ದುಡಿಯುವವರ ಕುಟುಂಬಗಳು. ತಲೆಯ ಮೇಲೆ ಆರಾಮ್‌ಘರ್‌ವರೆಗೆ ಹನ್ನೊಂದು ಕಿಲೋಮೀಟರಿಗೂ ಉದ್ದದ ಪಿ.ವಿ. ನರಸಿಂಹರಾವ್ ಮೇಲುಸೇತುವೆ. ಆಟೋದವರಿಗೆ ನಾವು ಮನೆ ಗುರುತು ಹೇಳುವುದು ಆ ಸೇತುವೆಯ ಕಂಬದ ನಂಬರಿನಿಂದ. ಕನ್ನಡ ಮಾತು ಕಿವಿಗೆ ಬೀಳಬೇಕೆಂದರೆ ಕಾಚಿಗುಡದ ಸಾಹಿತ್ಯ ಮಂದಿರದವರೆಗೆ ಹೋಗಬೇಕು, ಇಲ್ಲವೇ ಫೋನು ಎತ್ತಬೇಕು. ನನ್ನ ಕನ್ನಡ ಬಹಳಷ್ಟು ಉಳಿದಿರುವುದು ಫೋನಿನಲ್ಲಿ, ತಂಗಿಯ ಜೊತೆ ಆಡುವ ಮಾತಿನಲ್ಲಿ.

2013ರ ಯುಗಾದಿ ಏಪ್ರಿಲ್ 11ಕ್ಕೆ ಬಂದಿತ್ತು. ಮರುದಿನ ಶುಕ್ರವಾರದಿಂದ ಬಂಗಾರ ಇಳಿಯಲು ಹತ್ತಿತು. ಶನಿವಾರ, ಭಾನುವಾರ ಬಿಟ್ಟು ಸೋಮವಾರ ಮತ್ತೆ ಇಳಿಯಿತು. ಎರಡೇ ದಿನದ ವಹಿವಾಟಿನಲ್ಲಿ ಔನ್ಸಿಗೆ 200 ಡಾಲರಿನಷ್ಟು ಬಿತ್ತು. ಮೂವತ್ತು ವರ್ಷದಲ್ಲಿ ಇಂಥ ಕುಸಿತ ಕಂಡಿಲ್ಲ ಅಂತ ಪೇಪರಿನವರು ಬರೆದರು. ಸಾಲದಲ್ಲಿ ಮುಳುಗಿದ್ದ ಸೈಪ್ರಸ್ ತನ್ನ ಬಂಗಾರ ಮಾರುತ್ತದಂತೆ, ಅಮೆರಿಕದ ಕೇಂದ್ರ ಬ್ಯಾಂಕು ಮಾರುಕಟ್ಟೆಗೆ ಸುರಿಯುತ್ತಿರುವ ಹಣ ನಿಲ್ಲಿಸುತ್ತದಂತೆ, ಹೀಗೆ ಹತ್ತು ಕಾರಣ. ನಮ್ಮಲ್ಲಿ ಹತ್ತು ಗ್ರಾಮಿಗೆ 29 ಸಾವಿರದ ಮೇಲಿದ್ದದ್ದು 26 ಸಾವಿರದ ಹತ್ತಿರಕ್ಕೆ ಬಂತು. ಪತ್ತರಗಟ್ಟಿ, ಗುಲ್ಜಾರ್ ಹೌಸಿನ ಚಿನಿವಾರರ ಅಂಗಡಿಗಳಲ್ಲಿ ನಿಲ್ಲಲು ಜಾಗವಿಲ್ಲ.

ಆ ವಾರವೇ ತಂಗಿಯ ಫೋನು ಬಂತು.

"ಅಣ್ಣಾ, ಬಂಗಾರ ಇಳೀಲತ್ತದಂತ ಟೀವ್ಯಾಗ ತೋರಿಸ್ಲತ್ತಾರ. ತೊಗೊಂಡುಬಿಡ್ಲೇನು?"

ಅವಳ ಮಗಳ ಮದುವೆ ಗೊತ್ತಾಗಿತ್ತು. ಲಗ್ನ ದೀಪಾವಳಿ ಮುಗಿದು ತುಳಸಿ ಲಗ್ನ ಆದ ಮೇಲೆ. ಏಳು ತೊಲಿ ಹಾಕ್ತೀವಿ ಅಂತ ಮಾತಾಗಿತ್ತು. ಹುಡುಗಿಗೆ ಯಾಕೆ ಏಳು ತೊಲಿ, ಇಲ್ಲದಿದ್ದರೆ ಏನಾಗುತ್ತದೆ ಅಂತ ಆ ದಿನ ನಾವ್ಯಾರೂ ಕೇಳಲಿಲ್ಲ, ಓದಿದವನು ಅನ್ನಿಸಿಕೊಂಡ ನಾನೂ ಕೇಳಲಿಲ್ಲ. ಅದು ನಮ್ಮ ಮೊದಲನೆಯ ತಪ್ಪು. ತೊಗರಿ ಮಾರಿದ ಎರಡು ಲಕ್ಷ ರೂಪಾಯಿ ಅವಳ ಕೈಯಲ್ಲಿತ್ತು. 26 ಸಾವಿರದ ಲೆಕ್ಕದಲ್ಲಿ ಏಳೂವರೆ ತೊಲಿಗೂ ಹೆಚ್ಚು ಬರುತ್ತಿತ್ತು.

ನಾನು ಹೇಳಿದೆ: "ಇನ್ನ ಜರಾ ಇಳೀಲಿ, ತಡಿ."

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಅದೇ ವಾರ ನಾನು ಹತ್ತು ಗ್ರಾಮಿನ ಎರಡು ಬಂಗಾರದ ನಾಣ್ಯ ಕೊಂಡಿದ್ದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಇಳಿಯುತ್ತದೆ ಅಂತ ನಾನು ನಿಜವಾಗಿಯೂ ನಂಬಿದ್ದೆ. ಇಳಿದರೆ ಇನ್ನೆರಡು ಕೊಂಡರಾಯಿತು, ಏರಿದರೆ ಇವು ಇದ್ದೇ ಇವೆ ಅಂತ ನನ್ನ ಲೆಕ್ಕ. ನನಗೆ ಎರಡೂ ಕಡೆ ನಡೆಯುತ್ತಿತ್ತು. ತಂಗಿಗೆ ಎರಡೂ ಕಡೆ ನಡೆಯುವುದಿಲ್ಲ ಅನ್ನೋದು ನನ್ನ ತಲೆಗೆ ಬರಲಿಲ್ಲ. ನಾಣ್ಯದ ವಿಷಯ ಅವಳಿಗೆ ಹೇಳಲೂ ಇಲ್ಲ.

ಜೂನ್ ಕೊನೆಗೆ ನನ್ನ ಮಾತು ಖರೇ ಆಯಿತು. ಔನ್ಸು 1,200 ಡಾಲರಿಗೆ ಬಂತು. "ಅಣ್ಣ ಹೇಳಿದ್ದು ಹಂಗ ಆಯ್ತು ನೋಡು" ಅಂತ ತಂಗಿ ಮನೆಮಂದಿಗೆಲ್ಲ ಹೇಳಿದಳಂತೆ. ನನಗೆ ತಲೆ ತಿರುಗಿತು. ಪೇಪರಿನಲ್ಲಿ ಯಾರೋ ಸಾವಿರ ಡಾಲರಿಗೂ ಬರಬಹುದು ಅಂತ ಬರೆದಿದ್ದರು. ಅದನ್ನೇ ನನ್ನ ಮಾತು ಅನ್ನುವ ಹಾಗೆ ಅವಳಿಗೆ ದಾಟಿಸಿದೆ. ಆದರೆ ಒಂದು ವಿಷಯ ಗಮನಿಸಲಿಲ್ಲ. ಡಾಲರಿನಲ್ಲಿ ಬಂಗಾರ ಅಷ್ಟು ಇಳಿದಿದ್ದರೂ ಹೈದರಾಬಾದಿನ ಅಂಗಡಿಯಲ್ಲಿ ಅದು ಏಪ್ರಿಲ್‌ನ ಬೆಲೆಯ ಆಸುಪಾಸಿನಲ್ಲೇ ನಿಂತಿತ್ತು. ಯಾಕೆಂದರೆ ಏಪ್ರಿಲ್‌ನಲ್ಲಿ ಡಾಲರಿಗೆ 54 ಇದ್ದ ರೂಪಾಯಿ ಜೂನ್ ಕೊನೆಗೆ 60ರ ಹತ್ತಿರ ಬಂದಿತ್ತು. ನಾನು ತಕ್ಕಡಿಯ ಒಂದೇ ತಟ್ಟೆ ನೋಡುತ್ತಿದ್ದೆ.

ನಮ್ಮ ಮುತ್ಯಾ ಆಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ನಿಜಾಮರ ರಾಜ್ಯಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಸೊಲ್ಲಾಪುರದ ಕಡೆ ಬ್ರಿಟಿಷರ ರೂಪಾಯಿ. ಅದಕ್ಕೆ ನಮ್ಮಲ್ಲಿ ಕಲ್ದಾರ ಅನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೂ ಹಾಲಿ 1959ರವರೆಗೆ ಕೈಯಿಂದ ಕೈಗೆ ಓಡಾಡಿತು. ಯಾರಾದರೂ ಎತ್ತಿನ ಬೆಲೆ ಹೇಳಿದರೆ ಮುತ್ಯಾ ಮೊದಲು ಕೇಳುತ್ತಿದ್ದದ್ದು "ಹಾಲೀನೋ, ಕಲ್ದಾರೋ?" ಅಂತ. ಹಲ್ಲು ನೋಡುವುದು ಆಮೇಲೆ. ಕಾಲೇಜು ಕಲಿತ ಮೊಮ್ಮಗ ಆ ಪ್ರಶ್ನೆ ಮರೆತಿದ್ದ.

ಆಗಸ್ಟ್ ಬಂತು. ರೂಪಾಯಿ ದಿನಾ ಬೀಳತೊಡಗಿತು. 2012-13ರಲ್ಲಿ ದೇಶ ಹೊರಗಿನವರಿಗೆ ಕೊಡಬೇಕಾದ ಲೆಕ್ಕದ ಕೊರತೆ ಒಟ್ಟು ಉತ್ಪನ್ನದ ನೂರಕ್ಕೆ 4.8ರಷ್ಟಾಗಿತ್ತು. ಅದರಲ್ಲಿ ಬಂಗಾರದ ಆಮದಿನ ಪಾಲು ದೊಡ್ಡದು. ಹಾಗಾಗಿ ಆ ವರ್ಷ ಆಮದು ಸುಂಕ ಮೂರು ಸಲ ಏರಿತು. ಜನವರಿಯಲ್ಲಿ ನೂರಕ್ಕೆ 6, ಜೂನ್‌ನಲ್ಲಿ 8, ಆಗಸ್ಟ್‌ನಲ್ಲಿ 10. ಬಂಗಾರ ಕೊಳ್ಳಬೇಡಿ ಅಂತ ಹಣಕಾಸು ಸಚಿವ ಚಿದಂಬರಂ ಜನರನ್ನು ಕೇಳಿಕೊಂಡರು. ಆಗಸ್ಟ್ 28ಕ್ಕೆ ಡಾಲರು 68 ರೂಪಾಯಿ ದಾಟಿತು. ಬಂಗಾರ ಹತ್ತು ಗ್ರಾಮಿಗೆ 34 ಸಾವಿರದ ಹತ್ತಿರ. ಇದನ್ನು ಹೀಗೆ ನೋಡಿ: ಏಪ್ರಿಲ್ ಮಧ್ಯದಲ್ಲಿ ಔನ್ಸು 1,380 ಡಾಲರು, ಆಗಸ್ಟ್ ಕೊನೆಗೆ 1,415ರ ಆಸುಪಾಸು. ಬಂಗಾರ ಹೆಚ್ಚೇನೂ ಏರಿರಲಿಲ್ಲ. ನಮ್ಮ ಕೈಯಲ್ಲಿದ್ದ ನೋಟು ಇಳಿದಿತ್ತು, ಅದರ ಮೇಲೆ ಸುಂಕ ಕೂತಿತ್ತು. ಎಂಟು ಸಾವಿರ ರೂಪಾಯಿಯ ವ್ಯತ್ಯಾಸ ಹೀಗೆ ಬಂದದ್ದು.

ನಲವತ್ತು ಸಾವಿರಕ್ಕೆ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಹೆದರಿದೆ. "ಇವತ್ತೇ ತೊಗೋ" ಅಂತ ನಾನೇ ಫೋನು ಮಾಡಿದೆ. ಕಲಬುರಗಿಗೆ ಹೋಗಿ 33 ಸಾವಿರದಂತೆ ಆರು ತೊಲಿ ತಂದರು. ಸೆಪ್ಟೆಂಬರಿನಲ್ಲಿ ರಘುರಾಮ್ ರಾಜನ್ ರಿಸರ್ವ್ ಬ್ಯಾಂಕಿಗೆ ಬಂದರು, ರೂಪಾಯಿ ಚೇತರಿಸಿಕೊಂಡಿತು. ಅಕ್ಟೋಬರ್ ಹೊತ್ತಿಗೆ ಬಂಗಾರ ಮತ್ತೆ 30 ಸಾವಿರದ ಆಸುಪಾಸು. ಒಂದೇ ವರ್ಷದಲ್ಲಿ ನನ್ನ ಎರಡು ಸಲಹೆ, ಎರಡೂ ತಲೆಕೆಳಗು. ಮೊದಲನೆಯದು ಜಾಣತನದ್ದು, ಎರಡನೆಯದು ಭಯದ್ದು.

ಅದೇ ಆಗಸ್ಟ್‌ನಲ್ಲಿ ನಮ್ಮ ಮನೆ ಮಾಲೀಕರ ಹೆಂಡತಿ, ನಾವೆಲ್ಲ ಖಾಲಾ ಅನ್ನುವವರು, ಮೇಲಿನ ಮಹಡಿಯ ಕೆಲಸ ಹಚ್ಚಿದ್ದರು. ಮಗ ಜೆದ್ದಾದಲ್ಲಿ ವಾಹನ ಓಡಿಸುತ್ತಿದ್ದ. ಸೌದಿಯ ರಿಯಾಲು ಡಾಲರಿಗೆ ಕಟ್ಟಿದ್ದು. ಏಪ್ರಿಲ್‌ನಲ್ಲಿ ಸಾವಿರ ರಿಯಾಲು ಕಳಿಸಿದರೆ ಹದಿನಾಲ್ಕೂವರೆ ಸಾವಿರ ರೂಪಾಯಿ ಬರುತ್ತಿತ್ತು, ಆಗಸ್ಟ್ ಕೊನೆಗೆ ಹದಿನೆಂಟು ಸಾವಿರ ಮೀರಿತು. "ರುಪಿಯಾ ಗಿರಾ ತೊ ಹಮಾರಾ ಛತ್ ಉಠಾ" ಅಂದರು ಖಾಲಾ. ರೂಪಾಯಿ ಬಿತ್ತು, ನಮ್ಮ ಮಾಳಿಗೆ ಎದ್ದಿತು. ಹೇಳಿದ ಮರುಕ್ಷಣವೇ ಸುಮ್ಮನಾದರು. ಆ ವರ್ಷ ಸೌದಿಯಲ್ಲಿ ನಿತಾಕತ್ ಕಾನೂನಿನ ಬಿಗಿ ನಡೆದಿತ್ತು. ಕಾಗದಪತ್ರ ಸರಿಯಿಲ್ಲದವರು ನವೆಂಬರಿನೊಳಗೆ ಸರಿಮಾಡಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಮಗ ಇನ್ನೆಷ್ಟು ತಿಂಗಳು ಅಲ್ಲಿರುತ್ತಾನೋ ಅನ್ನೋ ಹೆದರಿಕೆಯಲ್ಲೇ ಅವರು ಅವಸರವಾಗಿ ಇಟ್ಟಿಗೆ ಇಳಿಸಿದ್ದರು.

ರೈತು ಬಜಾರಿನ ಹೊರಗೆ ಮಲ್ಲಿಗೆ ಕಟ್ಟಿ ಮಾರುವ ಹೆಂಗಸೊಬ್ಬಳು ಒಂದು ಸಂಜೆ ನನ್ನ ಕೈಗೆ ಇಂಗ್ಲಿಷ್ ಕಾಗದ ಕೊಟ್ಟಳು. ಓದಿ ಹೇಳು ಸಾರ್ ಅಂದಳು. ಇದು ಏಪ್ರಿಲ್ ಕುಸಿತದ ಮುಂದಿನ ತಿಂಗಳು. ಆಕೆ ಸರ ಅಡವಿಟ್ಟು ಸಾಲ ತೆಗೆದಿದ್ದಳು. ಬಂಗಾರದ ಬೆಲೆ ಇಳಿದಿದೆ, ಬಾಕಿ ಬಡ್ಡಿ ಕೂಡಲೇ ಕಟ್ಟಿ, ಇಲ್ಲದಿದ್ದರೆ ಹರಾಜು ಅಂತ ಕಾಗದ. ನಾನು ಓದಿ ಅರ್ಥ ಹೇಳಿದೆ. ದಿನದ ಬಡ್ಡಿಯವನ ಹತ್ತಿರ ತಂದು ಕಟ್ಟಿದಳು ಅಂತ ಆಮೇಲೆ ತಿಳಿಯಿತು. ಆ ದಿನಗಳಲ್ಲಿ ಪೇಪರಿನ ಒಳಪುಟದಲ್ಲಿ ಇಂಥ ಹರಾಜಿನ ಪ್ರಕಟಣೆಗಳು ಪುಟಗಟ್ಟಲೆ ಬರುತ್ತಿದ್ದವು. ಹೆಸರಿಲ್ಲ, ಬರೀ ಸಾಲದ ನಂಬರು, ಇರುವೆ ಸಾಲಿನ ಹಾಗೆ. ನಾನು ಆ ಪುಟ ತಿರುವಿ ಬಂಗಾರದ ಬೆಲೆಯ ಪುಟಕ್ಕೆ ಹೋಗುತ್ತಿದ್ದೆ. ಅವೆರಡೂ ಒಂದೇ ಸುದ್ದಿ ಅಂತ ಹೊಳೆಯಲು ನನಗೆ ತಡವಾಯಿತು. ನನಗೆ ಅಗ್ಗದ ದಿನವಾಗಿ ಕಂಡದ್ದು ಆಕೆಗೆ ನೋಟೀಸು ಬಂದ ದಿನ.

ನವೆಂಬರಿನಲ್ಲಿ ಮದುವೆಗೆ ಹೋದೆ. ಆ ಎರಡು ನಾಣ್ಯ ಜೇಬಿನಲ್ಲಿತ್ತು. ಆಯೇರಿಯ ಹೊತ್ತಿನಲ್ಲಿ ಸೋದರ ಸೊಸೆಯ ಕೈಯಲ್ಲಿಟ್ಟೆ. "ಸ್ವಾದರಮಾವ ಎರಡು ತೊಲಿ ಮಾಡ್ಯಾನ" ಅಂತ ಇಡೀ ಚಪ್ಪರ ಮಾತಾಡಿತು. ಆಮೇಲೆ ಅಕ್ಕಿಕಾಳು ಹಾಕುವಾಗ ನನ್ನ ಪಕ್ಕ ನಿಂತಿದ್ದ ತಂಗಿಯ ಕೈ ನೋಡಿದೆ. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಪಾಟ್ಲಿ ಇರಲಿಲ್ಲ.

ಆ ಪಾಟ್ಲಿ ನಮ್ಮ ಅವ್ವನವು. ಏಳು ತೊಲಿಗೆ ಕಡಿಮೆ ಬಿದ್ದ ಒಂದು ತೊಲಿಗೆ, ಮಜೂರಿಗೆ, ಅವನ್ನು ಕರಗಿಸಿದ್ದರು. ನನಗೆ ತಿಳಿಸಿರಲಿಲ್ಲ. ತಿಳಿಸಿದ್ದರೆ ನಾಣ್ಯ ಮೊದಲೇ ಕಳಿಸುತ್ತಿದ್ದೆ ಅಂತ ಹೇಳಬಹುದು. ಆದರೆ ನಾಣ್ಯ ಇವೆ ಅಂತ ನಾನೂ ಅವಳಿಗೆ ತಿಳಿಸಿರಲಿಲ್ಲವಲ್ಲ. ರಾತ್ರಿ ಹಿತ್ತಲಲ್ಲಿ ಕೂತಾಗ ಎಲ್ಲ ಹೇಳಿಬಿಟ್ಟೆ. ತಪ್ಪಾಯಿತು ಅಂದೆ. ಅವಳು ಸಿಟ್ಟು ಮಾಡಲಿಲ್ಲ.

"ನೀ ಏನೂ ಸುಳ್ಳು ಹೇಳಿದ್ದಿಲ್ಲ ಬಿಡಣ್ಣಾ. ನಿನಗ ತಡೀಲಿಕ್ಕ ಬರ್ತದ, ನಮಗ ಬರಂಗಿಲ್ಲ. ಅಷ್ಟ."

ಈ ಮಾತನ್ನು ನಾನು ಹೈದರಾಬಾದಿಗೆ ಹೊತ್ತು ತಂದೆ. ಬೆಲೆ ಇಳಿದಾಗ ಕೊಳ್ಳಬೇಕು, ಏರಿದಾಗ ಮಾರಬೇಕು, ನಡುವೆ ತಾಳ್ಮೆಯಿಂದ ಇರಬೇಕು ಅಂತ ಹಣದ ಬಗ್ಗೆ ಬರೆಯುವವರೆಲ್ಲ ಹೇಳುತ್ತಾರೆ. ತಾಳ್ಮೆಯನ್ನು ಅವರು ಒಂದು ಗುಣ ಅನ್ನುವ ಹಾಗೆ ಮಾತಾಡುತ್ತಾರೆ. ತಂಗಿ ಹೇಳಿದ್ದು ಬೇರೆ. ಕಾಯುವುದಕ್ಕೂ ಖರ್ಚಿದೆ. ಸಂಬಳ ಬರುವವನ ಖರ್ಚನ್ನು ಸಂಬಳ ಕೊಡುತ್ತದೆ. ಲಗ್ನದ ತಾರೀಖು ಗೊತ್ತಾದವಳಿಗೆ, ಸೊಸೈಟಿ ಸಾಲದ ಕಂತು ಇರುವವನಿಗೆ, ಹರಾಜಿನ ನೋಟೀಸು ಬಂದವಳಿಗೆ ಆ ಖರ್ಚು ಕೊಡುವವರಿಲ್ಲ. ಅವರಲ್ಲಿ ತಾಳ್ಮೆ ಕಡಿಮೆ ಅಂತಲ್ಲ. ನಮ್ಮೂರ ಒಕ್ಕಲಿಗನಷ್ಟು ತಾಳ್ಮೆಯವನನ್ನು ನಾನು ಯಾವ ಆಫೀಸಿನಲ್ಲೂ ಕಂಡಿಲ್ಲ. ಅವರಲ್ಲಿ ಇಲ್ಲದ್ದು ಕಾಲ.

ದೇಶಕ್ಕೂ ಇದು ಹೊರತಲ್ಲ. ನಾನು ಹೈದರಾಬಾದಿಗೆ ಬಂದ ಮರುವರ್ಷ, 1991ರಲ್ಲಿ, ಭಾರತದ ಹತ್ತಿರ ಕೆಲವೇ ವಾರದ ಆಮದಿಗೆ ಸಾಕಾಗುವಷ್ಟು ವಿದೇಶಿ ಹಣ ಉಳಿದಿತ್ತು. ಮೇ ತಿಂಗಳಲ್ಲಿ 20 ಟನ್ ಬಂಗಾರ ಸ್ವಿಸ್ ಬ್ಯಾಂಕಿಗೆ ಹೋಯಿತು. ಜುಲೈನಲ್ಲಿ ಸುಮಾರು 47 ಟನ್ ವಿಮಾನ ಹತ್ತಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಅಡವು ಹೋಯಿತು. ಅದೇ ಜುಲೈನ ಮೊದಲ ವಾರ ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಿದರು. ಆಗ ಪ್ರಧಾನಿಯಾಗಿ ಎರಡು ವಾರ ಕೂಡ ತುಂಬದಿದ್ದವರು ಪಿ.ವಿ. ನರಸಿಂಹರಾವ್. ಅವರ ಹೆಸರಿನ ಸೇತುವೆಯ ನೆರಳಿನಲ್ಲೇ ನಾನು ದಿನಾ ಹಾಲು ತರಲು ಹೋಗುತ್ತೇನೆ. ಅಡವಿಟ್ಟದ್ದು ದೇಶಕ್ಕೆ ಅವಮಾನ ಅಂತ ಆಗ ಬಹಳ ಜನ ಅತ್ತರು. ನನ್ನ ಅವ್ವ ಸುದ್ದಿ ಕೇಳಿ "ಕಷ್ಟಕ್ಕಂತನ ಬಂಗಾರ ಇರೋದಲ್ಲೇನು, ಬಿಡಿಸಿಕೊಂಡ್ರ ಆಯ್ತು" ಅಂದಿದ್ದಳು. ಬಿಡಿಸಿಕೊಂಡರು ಕೂಡ. ಈ ಸೇತುವೆ ತೆರೆದದ್ದು 2009ರ ಅಕ್ಟೋಬರಿನಲ್ಲಿ. ಅದೇ ತಿಂಗಳು ಭಾರತ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಬಂಗಾರ ಕೊಂಡಿತು. ಹದಿನೆಂಟು ವರ್ಷದ ಹಿಂದೆ ಕಾಯಲಾರದ ದೇಶ ಈಗ ಕಾಯಬಲ್ಲ ದೇಶವಾಗಿತ್ತು.

ಅವ್ವನ ಮಾತಿನಲ್ಲಿ ನನಗೆ ತಡವಾಗಿ ತಿಳಿದ ಒಂದು ಅರ್ಥ ಇದೆ. ಬಂಗಾರ ಕೊಳ್ಳಬೇಡಿ ಅಂತ ಸರ್ಕಾರ ಹೇಳ್ತದ ಅಂತ 2013ರಲ್ಲಿ ತಂಗಿಗೆ ನಗುತ್ತಾ ಹೇಳಿದ್ದೆ. ಅದಕ್ಕೆ ಅವಳು, "ಹಂಗಾದ್ರ ಮಳಿ ಹ್ವಾದ ವರ್ಷ ಪಾಟ್ಲಿ ಇಡದೇನ ಸಾಲ ಕೊಡ್ತಾರೇನು?" ಅಂದಿದ್ದಳು. ದೇಶದ ಲೆಕ್ಕದಲ್ಲಿ ಬಂಗಾರ ಸುಮ್ಮನೆ ಬಿದ್ದಿರುವ ಹಣ. ಅವಳ ಲೆಕ್ಕದಲ್ಲಿ ಅದು ಕೂಡಿಟ್ಟ ಕಾಲ. ಮಳೆ ಹೋದ ವರ್ಷ ಪಾಟ್ಲಿ ಬ್ಯಾಂಕಿಗೆ ಹೋಗುತ್ತಿದ್ದವು, ಆ ರೊಕ್ಕದಲ್ಲಿ ಮನೆ ನಡೆಯುತ್ತಿತ್ತು, ತೊಗರಿ ಒಳ್ಳೆಯ ಬೆಲೆ ಬರುವವರೆಗೆ ಚೀಲದಲ್ಲಿರುತ್ತಿತ್ತು. ಬೆಳೆ ಮಾರಿದ ಮೇಲೆ ಪಾಟ್ಲಿ ಮತ್ತೆ ಕೈಗೆ ಬರುತ್ತಿದ್ದವು. ಹಾಗಾದರೆ ಆ ವರ್ಷ ಕರಗಿದ್ದು ಎರಡು ತೊಲಿ ಬಂಗಾರ ಮಾತ್ರ ಅಲ್ಲ. ಆ ಮನೆಯ ಕಾಯುವ ಶಕ್ತಿಯೇ ಕರಗಿತ್ತು.

ಮೂರು ವರ್ಷಕ್ಕೆ ಅದು ಲೆಕ್ಕಕ್ಕೆ ಬಂತು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು, ಕಾಳು ಕ್ವಿಂಟಲಿಗೆ ಹತ್ತು ಸಾವಿರ ದಾಟಿತ್ತು. ಮರುವರ್ಷ ಕಲಬುರಗಿ ಸೀಮೆಯಲ್ಲಿ ಎಲ್ಲರೂ ತೊಗರಿ ಹಾಕಿದರು, ಮಳೆಯೂ ಬಂತು. ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ, 2016ರ ನವೆಂಬರ್ 8ರಂದು, 500 ಮತ್ತು 1,000ದ ನೋಟು ರದ್ದಾದವು. ಕೂಲಿಯವರಿಗೆ ಕೊಡಲು ಚಿಲ್ಲರೆ ಇಲ್ಲ, ಖರೀದಿದಾರರ ಕೈಯಲ್ಲಿ ನಗದು ಇಲ್ಲ, ದೇಶದ ತುಂಬ ದಾಖಲೆಯ ಬೆಳೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5,050. ಮಾರುಕಟ್ಟೆ ಅದಕ್ಕಿಂತ ಕೆಳಗೆ ಇಳಿಯಿತು. ಇತ್ತ ಮೆಹದಿಪಟ್ಟಣಂನಲ್ಲಿ ಬೇಳೆ ಸೋವಿಯಾಯಿತು ಅಂತ ನನ್ನ ಹೆಂಡತಿಗೆ ಖುಷಿ. ನನಗೂ ಖುಷಿಯೇ ಆಗಿತ್ತು, ಫೋನು ಬರುವವರೆಗೆ.

"ಅಣ್ಣಾ, ತೊಗರಿ ಇಳೀಲತ್ತದ. ಮಾರಿಬಿಡ್ಲೋ, ತಡೀಲೋ?"

ಇಂಥ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಸುಲಭ. 2013ರ ನಂತರ ಒಂದೆರಡು ವರ್ಷ ನಾನು ಹಾಗೇ ಮಾಡಿದ್ದೆ. ನಿಮ್ಮ ಇಷ್ಟ, ನನಗೆ ಗೊತ್ತಿಲ್ಲ ಅನ್ನುತ್ತಿದ್ದೆ. ಅದು ವಿನಯ ಅಂತ ತಿಳಿದಿದ್ದೆ. ನಿಜದಲ್ಲಿ ಅದು ತಪ್ಪಿಸಿಕೊಳ್ಳುವ ದಾರಿ. ನಾಳಿನ ಬೆಲೆ ಯಾರಿಗೂ ಗೊತ್ತಿಲ್ಲ, ಅದು ಸರಿ. ಆದರೆ ಅಣ್ಣನನ್ನು ಕೇಳುವ ತಂಗಿಗೆ ಭವಿಷ್ಯವಾಣಿ ಬೇಕಾಗಿರುವುದಿಲ್ಲ. ಒಬ್ಬಳೇ ನಿರ್ಧಾರ ಹೊರಲಾರೆ ಅಂತ ಅವಳು ಹೇಳುತ್ತಿರುತ್ತಾಳೆ.

ಆ ಸಲ ನಾನು ಬೆಲೆಯ ಮಾತು ಎತ್ತಲಿಲ್ಲ. "ನಿನಗ ಎಷ್ಟು ದಿನ ತಡೀಲಿಕ್ಕ ಆಗ್ತದ?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೊಂದಾಗಿ ಹೇಳಿದಳು. ಸೊಸೈಟಿ ಕಂತು, ಗೊಬ್ಬರದ ಅಂಗಡಿಯ ಬಾಕಿ, ಮಗನ ಪರೀಕ್ಷೆ ಫೀಸು. ಎಲ್ಲ ಕೂಡಿಸಿದರೆ ಅರವತ್ತು ಸಾವಿರ. ಇಷ್ಟು ವರ್ಷ ಲೆಕ್ಕ ಬರೆದವನು ಅವಳ ಮನೆಯ ಈ ಲೆಕ್ಕವನ್ನು ಒಮ್ಮೆಯೂ ಕೇಳಿರಲಿಲ್ಲ. ಅರವತ್ತು ಸಾವಿರ ಬ್ಯಾಂಕಿನಿಂದ ಕಳಿಸಿದೆ. "ತಡಿ ಅಂತ ನಾ ಹೇಳಿದ್ರ, ತಡಿಯೋ ಖರ್ಚು ನಂದು. ಲುಕ್ಸಾನು ಆದ್ರೂ ಅರ್ಧ ನಂದು" ಅಂದೆ.

ಕಾದದ್ದರಿಂದ ಭಾರಿ ಲಾಭವಾಯಿತು ಅಂತ ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಸರ್ಕಾರದ ಖರೀದಿ ಕೇಂದ್ರದ ಮುಂದೆ ತಂಗಿಯ ಗಂಡ ಟ್ರ್ಯಾಕ್ಟರಿನಲ್ಲಿ ರಾತ್ರಿಗಳನ್ನು ಕಳೆದ. ಅರ್ಧ ಕಾಳು ಬೆಂಬಲ ಬೆಲೆಗೆ ಹೋಯಿತು. ಉಳಿದರ್ಧ ಮುಂದೆ ಇನ್ನೂ ಇಳಿದ ಬೆಲೆಗೆ ಮಾರಬೇಕಾಯಿತು. ಕೂಡಿಸಿ ಕಳೆದರೆ ದೊಡ್ಡ ಲಾಭವೂ ಇಲ್ಲ, ದೊಡ್ಡ ಲುಕ್ಸಾನೂ ಇಲ್ಲ. ಉಳಿದರ್ಧದ ನಷ್ಟದಲ್ಲಿ ನನ್ನ ಪಾಲು ಹಿಡಿದುಕೊಂಡು ಮಿಕ್ಕದ್ದು ಕಳಿಸು ಅಂದೆ. ಅವಳು ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದಳು. ರೊಕ್ಕದ ಜೊತೆಗೆ ಬಸ್ಸಿನಲ್ಲಿ ಒಂದು ಚೀಲ ಬೇಳೆಯೂ ಬಂತು. ಆದರೆ ಈ ಸಲ ಅವಳು ಕಾದದ್ದು ನನ್ನ ಮಾತಿಗೆ ಕಟ್ಟುಬಿದ್ದಲ್ಲ, ಬೇಕಾದರೆ ಮಾರಬಹುದು, ಬೇಡವಾದರೆ ಇಟ್ಟುಕೊಳ್ಳಬಹುದು ಅನ್ನುವ ಜಾಗದಲ್ಲಿ ನಿಂತು. ಆ ಜಾಗ ಕೆಲವರಿಗೆ ಹುಟ್ಟಿನಿಂದ ಇರುತ್ತದೆ, ಅವರು ಅದನ್ನು ಬುದ್ಧಿವಂತಿಕೆ ಅಂದುಕೊಳ್ಳುತ್ತಾರೆ.

ಹಾಗಾದರೆ ಇಳಿದ ಬೆಲೆಗೆ ಕೊಳ್ಳುವುದು ಪಾಪವೇ? ನನಗೆ ಹಾಗನಿಸುವುದಿಲ್ಲ. ಯಾರೂ ಕೊಳ್ಳದಿದ್ದರೆ ಮಾರಲೇಬೇಕಾದವನ ಗತಿ ಇನ್ನೂ ಕೆಡುತ್ತದೆ. ನಾನು ಆ ಎರಡು ನಾಣ್ಯ ಕೊಂಡದ್ದು ತಪ್ಪಲ್ಲ. ಅದೇ ಉಸಿರಿನಲ್ಲಿ ಬೇರೆಯವರ ರೊಕ್ಕಕ್ಕೆ ತಡಿ ಅಂದದ್ದು ತಪ್ಪು. ಸಲಹೆ ಲೆಕ್ಕದಲ್ಲಿ ಸರಿ ಬರಲಿ, ತಪ್ಪು ಬರಲಿ, ಅದು ಆಮೇಲಿನ ಮಾತು. ಅದು ಕೈಕೊಟ್ಟರೆ ಯಾರ ಕೈ ಬರಿದಾಗುತ್ತದೆ ಅಂತ ಮೊದಲು ನೋಡಬೇಕು. ಮನೆಯಿಂದ ದೂರ ಇರುವವರಿಗೆ ಇದು ಕಾಣುವುದು ಕಷ್ಟ. ಫೋನಿನಲ್ಲಿ ದನಿ ಕೇಳುತ್ತದೆ, ಕೈ ಕಾಣುವುದಿಲ್ಲ.

ಈಗ ಇದನ್ನು ಹೇಳಿದರೆ ನಗುವವರಿದ್ದಾರೆ. 2025ರ ಏಪ್ರಿಲ್‌ನಲ್ಲಿ ಬಂಗಾರ ಹತ್ತು ಗ್ರಾಮಿಗೆ 1 ಲಕ್ಷ ದಾಟಿತು. 26 ಸಾವಿರವಾದರೇನು, 33 ಸಾವಿರವಾದರೇನು, ಕೊಂಡವರೆಲ್ಲ ಗೆದ್ದರಲ್ಲ ಅಂತ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಅಂದರು. ಹನ್ನೆರಡು ವರ್ಷದ ಮೇಲೆ ನಿಂತು ನೋಡಿದರೆ ಹೌದು. ಆದರೆ ತಂಗಿ ಹನ್ನೆರಡು ವರ್ಷದ ಮೇಲೆ ನಿಂತಿರಲಿಲ್ಲ. ಆ ನವೆಂಬರಿನ ಚಪ್ಪರದ ಕೆಳಗೆ ನಿಂತಿದ್ದಳು.

2025ರ ಅಕ್ಟೋಬರಿನಲ್ಲಿ ಬಂಗಾರ ಹಿಂದೆಂದೂ ಕಾಣದ ಎತ್ತರ ಮುಟ್ಟಿ, ಒಂದೇ ದಿನದಲ್ಲಿ ಧಡಕ್ಕನೆ ಇಳಿಯಿತು. ಫೋನು ಬಂತು. ಈ ಸಲ ಕೊಳ್ಳುವ ಮಾತಲ್ಲ. ಮಗಳು ತನ್ನ ಹುಡುಗನ ಶಾಲೆ ಫೀಸಿಗಾಗಿ ಆ ಏಳು ತೊಲಿಯಲ್ಲಿ ನಾಲ್ಕು ತೊಲಿ ಅಡವಿಟ್ಟಿದ್ದಳಂತೆ.

"ಇಳೀಲತ್ತದಂತಲ್ಲಣ್ಣಾ. ನೋಟೀಸ್ ಬರ್ತದೇನು?"

ನಾನು ಕನ್ನಡಕ ಹಾಕಿಕೊಂಡು ಹಾಳೆ, ಪೆನ್ನು ತೆಗೆದುಕೊಂಡೆ. ಸಾಲ ಎಷ್ಟು, ಬಡ್ಡಿ ಎಷ್ಟು, ಕಟ್ಟುವ ತಾರೀಖು ಯಾವಾಗ, ಹುಡುಗಿಗೆ ಎಷ್ಟು ದಿನ ತಡೀಲಿಕ್ಕ ಆಗ್ತದ ಅಂತ ಒಂದೊಂದಾಗಿ ಕೇಳುತ್ತಾ ಹೋದೆ. ಅವಳು ಹೇಳುತ್ತಾ ಹೋದಳು. ಬೆಲೆ ಇನ್ನೂ ಇಳಿಯುತ್ತದೋ ಏರುತ್ತದೋ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಳೆಯ ಕೆಳಗೆ ನನ್ನ ಪಾಲು ಎಷ್ಟಾಗಬಹುದು ಅಂತ ಒಂದು ಅಂಕಿ ಬರೆದುಕೊಂಡು ಫೋನು ಇಟ್ಟೆ.